ಲೈನ್ ಕ್ಲಿಯರ್ ಮತ್ತು ಒಂದು ಜೊತೆ ಚಪ್ಪಲಿ

ಕಂಬ ಹತ್ತುವವನಿಗಿಂತ ಕೆಳಗೆ ಫೋನ್ ಹಿಡಿದು ನಿಂತವನ ಕೆಲಸ ಕಷ್ಟ ಎಂದರೆ ಯಾರೂ ನಂಬುವುದಿಲ್ಲ. ನಾನು ಆ ಫೋನ್ ಹಿಡಿಯುವವನು. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕಿನಲ್ಲಿ ಹನ್ನೊಂದು ಕೆ.ವಿ. ವಿದ್ಯುತ್ ಲೈನಿನ ಕೆಲಸವನ್ನು ಗುತ್ತಿಗೆಗೆ ಹಿಡಿಯುವ ಸಣ್ಣ ತಂಡ ನಮ್ಮದು. ಗಾಳಿಗೆ ಬಿದ್ದ ಕಂಬ ನಿಲ್ಲಿಸುತ್ತೇವೆ, ಒಡೆದ ಇನ್ಸುಲೇಟರ್ ಬದಲಿಸುತ್ತೇವೆ, ತಂತಿಗೆ ತಾಗುವ ಕೊಂಬೆ ಕಡಿಯುತ್ತೇವೆ. ಸೂಪರ್‌ವೈಸರ್ ಪರ್ಮಿಟ್ ಇರುವುದು ನನ್ನೊಬ್ಬನಿಗೆ. ಹಾಗಾಗಿ ಕೆಲಸ ಶುರುವಾಗುವ ಮೊದಲು ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಲೈನ್ ಕ್ಲಿಯರ್ ಕೇಳುವವನು ನಾನು. ಅಲ್ಲಿನ ಆಪರೇಟರ್ ಲೈನ್ ಬಂದ್ ಮಾಡಿ ನನ್ನ ಹೆಸರಿಗೆ ಒಂದು ನಂಬರ್ ಕೊಡುತ್ತಾರೆ. ಕೆಲಸ ಮುಗಿದು ಎಲ್ಲರೂ ಇಳಿದ ಮೇಲೆ ಅದೇ ನಂಬರ್ ಹೇಳಿ ವಾಪಸ್ ಮಾಡಬೇಕಾದವನೂ ನಾನೇ. ವಾಪಸ್ ಮಾಡಿದ ಮರುಗಳಿಗೆ ತಂತಿಗೆ ಕರೆಂಟ್ ಬರುತ್ತದೆ. ನಡುವೆ ಇನ್ಯಾರೂ ಇಲ್ಲ.

ಎಲ್ಲರೂ ಇಳಿದರೋ ಇಲ್ಲವೋ ಎಂದು ತಿಳಿಯುವುದಕ್ಕೆ ನಮ್ಮಲ್ಲಿ ಒಂದು ಪದ್ಧತಿ ಇತ್ತು. ಯಾರು ಶುರು ಮಾಡಿದರೋ ಗೊತ್ತಿಲ್ಲ, ಯಾವ ಪುಸ್ತಕದಲ್ಲೂ ಬರೆದಿಲ್ಲ. ಕೆಸರಿನಲ್ಲಿ ಹವಾಯಿ ಚಪ್ಪಲಿ ಹಾಕಿಕೊಂಡು ಕಂಬದ ಬುಡಕ್ಕೆ ಹೋದರೆ ಜಾರಿ ಹಲ್ಲು ಮುರಿದುಕೊಳ್ಳುವುದು ಖಂಡಿತ. ಆದ್ದರಿಂದ ಹತ್ತುವವರು ಚಪ್ಪಲಿಯನ್ನು ನನ್ನ ಪಿಕಪ್ ಗಾಡಿಯ ಹಿಂದಿನ ಹಲಗೆಯ ಮೇಲೆ ಬಿಟ್ಟು ಬರಿಗಾಲಲ್ಲಿ ಹೋಗುತ್ತಿದ್ದರು. ಇಳಿದು ಬಂದವನು ಕಾಲು ತೊಳೆದು ತನ್ನ ಚಪ್ಪಲಿ ಹಾಕಿಕೊಳ್ಳುತ್ತಿದ್ದ. ನಾನು ಹಲಗೆ ನೋಡುತ್ತಿದ್ದೆ. ಒಂದು ಜೊತೆ ಉಳಿದಿದ್ದರೂ ಒಬ್ಬ ಇನ್ನೂ ಮೇಲಿದ್ದಾನೆ ಎಂದರ್ಥ. ಬಾಯಲ್ಲಿ ಕೇಳಿದರೆ ಯಾರೋ ಒಬ್ಬರು 'ಎಲ್ಲಾ ಇಳಿದ್ರು' ಎಂದುಬಿಡುತ್ತಾರೆ. ಚಪ್ಪಲಿ ಸುಳ್ಳು ಹೇಳುವುದಿಲ್ಲ ಎಂದು ನಂಬಿಕೊಂಡಿದ್ದೆ.

ಆ ಸಲ ಮಳೆಗಾಲ ಹಿಡಿಯುವ ಮೊದಲು ನಮಗೆ ಕೆಲಸ ಕೊಡುತ್ತಿದ್ದ ಕಡೆಯಿಂದ ಹೊಸ ಮಾತು ಬಂತು. ಇನ್ನು ಮೇಲೆ ಒಬ್ಬೊಬ್ಬರ ಹೆಸರಿಗೆ ಬಿಡಿ ಕೆಲಸ ಕೊಡುವುದಿಲ್ಲ, ಒಂದೋ ಮ್ಯಾನ್‌ಪವರ್ ಏಜೆನ್ಸಿಯ ನೌಕರರಾಗಿ ಬನ್ನಿ, ಇಲ್ಲವೇ ಸ್ವಂತ ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿಕೊಂಡು ಬನ್ನಿ. ನಾನು ಸಾಗರದಲ್ಲಿ ನಮ್ಮ ಲೆಕ್ಕಪತ್ರ ನೋಡುವ ಟ್ಯಾಕ್ಸ್ ಕನ್ಸಲ್ಟೆಂಟ್ ಮೇಡಂ ಹತ್ತಿರ ಹೋದೆ. ಅಡಿಕೆ ವ್ಯಾಪಾರಸ್ಥರ ಜೊತೆ ಏಗಿ ಪಳಗಿದ ಹೆಂಗಸು, ಸುತ್ತಿ ಬಳಸಿ ಮಾತಾಡುವವರಲ್ಲ.

"ಎರಡೂ ಹೇಳ್ತೀನಿ, ಕೇಳ್ಕೊಳ್ಳಿ. ಏಜೆನ್ಸಿ ಅಂದ್ರೆ ಒಂದು ದೊಡ್ಡ ಕೊಡೆ ಇದ್ದಂಗೆ. ನೀವೆಲ್ಲ ಅದರಡಿ ನಿಂತ್ರಾಯ್ತು. ಸಂಬಳ, ಪಿ.ಎಫ್., ಇ.ಎಸ್.ಐ., ವಿಮೆ ಎಲ್ಲ ಅವ್ರು ನೋಡ್ಕೊಳ್ತಾರೆ. ಅವ್ರ ಪಾಲು ಹಿಡ್ಕೊಂಡು ಉಳಿದಿದ್ದು ನಿಮ್ಗೆ ಕೊಡ್ತಾರೆ. ಕಂಪನಿ ಅಂದ್ರೆ ಕೊಡೆ ನಿಮ್ದೇ. ಇಬ್ಬರು ಡೈರೆಕ್ಟರ್ ಬೇಕು. ಆಡಿಟ್ಟು, ಜಿ.ಎಸ್.ಟಿ., ಲೇಬರ್ ಲೈಸೆನ್ಸು. ಕೆಲ್ಸ ಸಿಗ್ಲಿ ಬಿಡ್ಲಿ, ಫೈಲಿಂಗ್ ತಪ್ಪಂಗಿಲ್ಲ."

"ಬೇರೆಯವರ ಕೊಡೇಲಿ ಹೋದ್ರೆ ಒಂದು ಹೆಗಲು ಒದ್ದೆಯೇ ಮೇಡಂ," ಎಂದೆ.

"ಕೊಡೆ ಇಲ್ದಿದ್ರೆ ಎರಡೂ ಒದ್ದೆ," ಎಂದರು.

ಆ ಸಂಜೆ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ತಂಡದವರನ್ನೆಲ್ಲ ಕೂರಿಸಿಕೊಂಡು ವಿಷಯ ಹೇಳಿದೆ. ನನ್ನ ಮನಸ್ಸು ಕಂಪನಿಯ ಕಡೆಗೇ ಇತ್ತು, ಆದರೆ ಎರಡನೆಯ ಡೈರೆಕ್ಟರ್ ಆಗಿ ಸಹಿ ಹಾಕುವುದಕ್ಕೆ ಯಾರೂ ತಯಾರಿರಲಿಲ್ಲ. ತಂಡದ ಹಿರಿಯ ಲೈನ್‌ಮನ್, ನನಗಿಂತ ಮುಂಚಿನಿಂದ ಕಂಬ ಹತ್ತುತ್ತಿರುವವನು, ಕೈ ಮುಗಿದುಬಿಟ್ಟ. "ನಂಗೆ ಪ್ಲಯರ್ ಹಿಡಿಯೋದು ಗೊತ್ತು ಸಾರ್. ಡೈರೆಕ್ಟರಾಗಿ ಎಲ್ಲೋ ಒಂದ್ಕಡೆ ಸೈ ಹಾಕಿ, ನಾಳೆ ನೋಟಿಸು ಬಂದ್ರೆ ಓದಕ್ಕೂ ಬರದಿಲ್ಲ."

ಏಜೆನ್ಸಿಯೇ ಬೇಕು ಎಂದು ಹಟ ಹಿಡಿದವನು ಕೋಣಂದೂರಿನವನು. ಅವನ ಹೆಸರು ಇಲ್ಲಿ ಬರೆಯುವುದಿಲ್ಲ, ನಾವು ಅವನನ್ನು ಊರಿನ ಹೆಸರಿನಿಂದಲೇ ಕರೆಯುತ್ತಿದ್ದೆವು. ಮೂವತ್ತರ ಆಸುಪಾಸು, ಮದುವೆಯಾಗಿತ್ತು, ಮಾತು ಜಾಸ್ತಿ, ಕೈಯೂ ಅಷ್ಟೇ ಚುರುಕು. "ನಂಗೊಂದು ಕಾರ್ಡ್ ಬೇಕು ಸಾರ್," ಎಂದ. "ಕುತ್ತಿಗೇಲಿ ಹಾಕ್ಕಳ ಕಾರ್ಡು. ಫೋಟೋ ಇರ್ಬೇಕು. ಹೆಣ್ಣು ಕೊಟ್ಟ ಮಾವ ಈಗ್ಲೂ ಕೇಳ್ತಾರೆ, ನೀನು ಯಾರ ಹತ್ರ ಕೆಲ್ಸಕ್ಕಿರೋದು ಅಂತ. ಏನು ಹೇಳ್ಲಿ? ಜೈನ್ ಸಾರ್ ಪಿಕಪ್ಪಲ್ಲಿ ಅನ್ಲಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ನಾನು ಜೈನರವನು, ಹೊತ್ತು ಮುಳುಗುವ ಮೊದಲು ಊಟ ಮುಗಿಸುವ ಮನೆತನ. ತಂಡಕ್ಕೆ ಅದೊಂದು ತಮಾಷೆ. ಕೆಲಸ ಎಳೆದರೆ ಕೋಣಂದೂರಿನವನು ಕಂಬದ ಮೇಲಿಂದಲೇ ಕೂಗುತ್ತಿದ್ದ: "ಆಯ್ತು ಸಾರ್, ನಿಮ್ಮ ಊಟದ ಟೈಮಿಗೆ ಸರಿಯಾಗಿ ಇಳೀತೀವಿ." ಹಾಗೆಯೇ ಇಳಿಯುತ್ತಿದ್ದ ಕೂಡ.

ಏಜೆನ್ಸಿ ಎಂದೇ ತೀರ್ಮಾನವಾಯಿತು.

ಅವರ ಏರಿಯಾ ಮ್ಯಾನೇಜರ್ ಒಳ್ಳೆಯ ಶರ್ಟು ಹಾಕಿಕೊಂಡ, ನಗುಮುಖದ ಮನುಷ್ಯ. ಕಾರ್ಡುಗಳನ್ನು ತಂದ. ಪ್ರತಿಯೊಬ್ಬರಿಗೂ ಹೆಲ್ಮೆಟ್, ಸೊಂಟಕ್ಕೆ ಬೆಲ್ಟ್, ಕಾಲಿಗೆ ಶೂ. ಚರ್ಮದ ಶೂ ನಾನು ಹಾಕುವುದಿಲ್ಲ ಎಂದಾಗ ರಬ್ಬರಿನದು ತರಿಸಿ ಕೊಟ್ಟ, ಅದನ್ನೂ ಹೇಳಬೇಕು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಫೋಟೋ ತೆಗೆದ. ಕೋಣಂದೂರಿನವನು ಕಾರ್ಡ್ ಸರಿಯಾಗಿ ಕಾಣಲಿ ಎಂದು ಎದೆ ಮುಂದೆ ಮಾಡಿ ನಿಂತಿದ್ದ. ಆಮೇಲೆ ಹಳೆಯ ಹವಾಯಿ ಚಪ್ಪಲಿಯನ್ನು ನನ್ನ ಪಿಕಪ್ಪಿನ ಹಲಗೆಯ ಮೇಲೆ ಇಟ್ಟ. ಅದರ ಎಡಗಾಲಿನ ಬಾರು ಕಿತ್ತುಹೋಗಿ, ತಂತಿ ಕಟ್ಟುವ ಅಲ್ಯೂಮಿನಿಯಂ ಬೈಂಡಿಂಗ್ ವೈರಿನಲ್ಲಿ ಬಿಗಿದುಕೊಂಡಿದ್ದ. "ಇಲ್ಲೇ ಇರ್ಲಿ ಸಾರ್. ಶೂ ಕಚ್ಚಿದ್ರೆ ಬೇಕಾಗ್ತದೆ."

ಶೂ ಬಂದದ್ದು ತಪ್ಪೇನಲ್ಲ. ಬರಿಗಾಲಲ್ಲಿ ಕಂಬ ಹತ್ತುವುದೇ ತಪ್ಪು. ಆದರೆ ಮರುದಿನ ಕೆಲಸ ಮುಗಿಸಿ ಫೋನ್ ತೆಗೆದು ಹಲಗೆ ನೋಡಿದರೆ ಅಲ್ಲಿ ಕೋಣಂದೂರಿನವನ ಆ ಹಳೆಯ ಜೊತೆಯೊಂದೇ ಇತ್ತು. ಎಲ್ಲರ ಕಾಲಲ್ಲೂ ಶೂ. ಮನೆಯಿಂದ ಹಾಕಿಕೊಂಡು ಬಂದ ಶೂನಲ್ಲೇ ಹತ್ತಿ, ಅದರಲ್ಲೇ ಇಳಿದಿದ್ದರು. ಯಾರು ಮೇಲಿದ್ದಾರೆ, ಯಾರು ಕೆಳಗಿದ್ದಾರೆ ಎಂದು ಹೇಳುವ ಗುರುತು ಸದ್ದಿಲ್ಲದೆ ಹೋಗಿತ್ತು. ನನ್ನ ಜನ ನನಗೆ ಗೊತ್ತಿದ್ದರು, ಮುಖ ನೋಡಿ ಎಣಿಸಿಕೊಳ್ಳುತ್ತಿದ್ದೆ. ಹೇಗೋ ನಡೆಯುತ್ತಿತ್ತು.

ಮಳೆ ಜೋರಾದ ಮೇಲೆ ಏಜೆನ್ಸಿ ತಂಡಗಳನ್ನು ಒಡೆಯತೊಡಗಿತು. ಒಂದು ಕಡೆ ಇಬ್ಬರು ಕಡಿಮೆಯಾದರೆ ಇನ್ನೊಂದು ಕಡೆಯಿಂದ ಕಳಿಸುತ್ತಿದ್ದರು. ಬೆಳಿಗ್ಗೆ ಮೊಬೈಲಿಗೆ ಮೆಸೇಜ್ ಬರುತ್ತಿತ್ತು, ಇಂಥವನು ಇಂಥ ಕಡೆ ಹೋಗಬೇಕು ಎಂದು. ನಾನು ಆಕ್ಷೇಪಿಸಿದೆ. "ಎಲ್ಲ ನಮ್ಮ ಹುಡುಗ್ರೇ ಅಲ್ವಾ ಸಾರ್, ಎಲ್ಲಿ ಕೆಲ್ಸ ಮಾಡಿದ್ರೇನು?" ಎಂದ ಮ್ಯಾನೇಜರ್. ಅವನ ಲೆಕ್ಕದಲ್ಲಿ ಅದು ಸರಿ. ಕೊಡೆ ದೊಡ್ಡದು, ಅದರಡಿ ಯಾರು ಎಲ್ಲಿ ನಿಂತರೂ ಒಂದೇ.

ಆ ದಿನ ನಾವು ತೀರ್ಥಹಳ್ಳಿ ಕಡೆ ಒಂದು ಟ್ರಾನ್ಸ್‌ಫಾರ್ಮರ್ ಬದಲಿಸುತ್ತಿದ್ದೆವು. ಕೋಣಂದೂರಿನವನನ್ನು ಹೊಸನಗರದ ಕಡೆ ಬೇರೊಂದು ತಂಡಕ್ಕೆ ಕಳಿಸಿದ್ದರು. ಅಲ್ಲಿದ್ದವರಲ್ಲಿ ಒಬ್ಬನಿಗೂ ಅವನ ಪರಿಚಯ ಇರಲಿಲ್ಲ. ಲೈನ್ ಕ್ಲಿಯರ್ ತೆಗೆದುಕೊಂಡ ಸೂಪರ್‌ವೈಸರ್ ಅವನನ್ನು ನೋಡಿದ್ದು ಅಂದು ಬೆಳಿಗ್ಗೆಯೇ. ಕೆಲಸ ಮುಗಿಯಿತು, ಜನ ಗಾಡಿಯ ಹತ್ತಿರ ಸೇರಿದರು, ತಂತಿಯನ್ನು ನೆಲಕ್ಕೆ ಜೋಡಿಸಿದ್ದ ಅರ್ಥ್ ರಾಡುಗಳನ್ನು ತೆಗೆದರು. ಕೋಣಂದೂರಿನವನಿಗೆ ತಾನು ಕಟ್ಟಿದ ಒಂದು ಬೈಂಡಿಂಗ್ ಸಮಾಧಾನವಾಗಿರಲಿಲ್ಲವೆಂದು ಕಾಣುತ್ತದೆ. ತಿರುವಿನಾಚೆಯ ಕಂಬಕ್ಕೆ ವಾಪಸ್ ಹೋಗಿ ಹತ್ತಿದ್ದ. ಸೂಪರ್‌ವೈಸರ್ ಕೇಳಿದ, ಯಾರೋ ಉತ್ತರ ಕೊಟ್ಟರು, ಅವನು ಲೈನ್ ಕ್ಲಿಯರ್ ವಾಪಸ್ ಮಾಡಿದ.

ನಾವು ಹೋಗುವಷ್ಟರಲ್ಲಿ ಅವನನ್ನು ಇಳಿಸಿ ಆಸ್ಪತ್ರೆಗೆ ಸಾಗಿಸಿದ್ದರು. ಅದರಿಂದ ಏನೂ ಆಗುವಂತಿರಲಿಲ್ಲ. ಆ ಸೂಪರ್‌ವೈಸರ್ ಆಸ್ಪತ್ರೆಯ ಕಟ್ಟೆಯ ಮೇಲೆ ಕೂತಿದ್ದ. ಬಯ್ಯಬೇಕೆಂದು ಹೋದವನಿಗೆ ಬಯ್ಯಲಾಗಲಿಲ್ಲ.

"ಕೇಳ್ದೆ ಸಾರ್," ಎಂದ. "ಎಲ್ಲಾ ಇಳಿದ್ರಾ ಅಂತ ಕೇಳ್ದೆ. ಇಳಿದ್ರು ಅಂದ್ರು."

"ಯಾರು ಅಂದಿದ್ದು?"

"ಅದೇ ಗೊತ್ತಾಗ್ತಾ ಇಲ್ಲ. ಯಾರೋ ಅಂದ್ರು. ಈಗ ಕೇಳಿದ್ರೆ ಎಲ್ರೂ ನಾನಲ್ಲ ಅಂತಾರೆ."

ಅದು ಯಾರೆಂದು ಇವತ್ತಿಗೂ ತಿಳಿದಿಲ್ಲ. ಸುಳ್ಳು ಹೇಳಿದವನಂತೂ ಅಲ್ಲ, ಹಾಗೆಂದು ನಂಬಿದ್ದವನೇ ಇರಬೇಕು. ತನ್ನ ಪಕ್ಕದವನು ಇಳಿದದ್ದು ನೋಡಿ ಎಲ್ಲರೂ ಇಳಿದರು ಎಂದಿರಬೇಕು.

ವಿಮೆಯ ವಿಷಯದಲ್ಲಿ ಏಜೆನ್ಸಿ ಕೈ ಎತ್ತಲಿಲ್ಲ. ಅವನ ಹೆಂಡತಿಗೆ ಸಿಗಬೇಕಾದದ್ದು ಸಿಕ್ಕಿತು. ಸಿಗದೇ ಹೋದದ್ದು ಒಂದೇ ಒಂದು ಉತ್ತರ. ಅವಳು ನನ್ನ ಎದುರಿಗೇ ಮ್ಯಾನೇಜರನ್ನು ಕೇಳಿದಳು: "ಅವತ್ತು ಅವ್ರು ಯಾರ ಜವಾಬ್ದಾರೀಲಿದ್ರು?" ಸಂಬಳ ನಮ್ಮದು, ಆದರೆ ಸ್ಥಳದಲ್ಲಿ ಜವಾಬ್ದಾರಿ ಸೈಟಿನವರದು ಎಂದ ಅವನು. ಹೊಸನಗರದಲ್ಲಿ ಆ ಕೆಲಸ ಮಾಡಿಸುತ್ತಿದ್ದ ಸೈಟಿನವರು, ಮನುಷ್ಯ ಏಜೆನ್ಸಿಯವನಲ್ಲವೇ ಎಂದರು. ಯಾರೂ ಒರಟಾಗಿ ಮಾತಾಡಲಿಲ್ಲ, ಎಲ್ಲರೂ ಕುರ್ಚಿ ಕೊಟ್ಟು ಕೂರಿಸಿಯೇ ಹೇಳಿದರು. ಅವಳು ಕೇಳಿಸಿಕೊಂಡು ಎದ್ದು ಬಂದಳು.

ಅವನ ಚಪ್ಪಲಿ ನನ್ನ ಪಿಕಪ್ಪಿನಲ್ಲೇ ಉಳಿಯಿತು.

ಅದನ್ನು ಎಸೆಯುವುದಕ್ಕೆ ಯಾರಿಗೂ ಧೈರ್ಯ ಬರಲಿಲ್ಲ, ಮುಟ್ಟುವುದಕ್ಕೂ. ಹಗ್ಗ ರಾಟೆ ಇಳಿಸುವಾಗ ಎಲ್ಲರ ಕೈ ಅದನ್ನು ಬಿಟ್ಟು ಸುತ್ತಿ ಹೋಗುತ್ತಿತ್ತು. ನಾನು ಲೈನ್ ಕ್ಲಿಯರ್ ವಾಪಸ್ ಮಾಡಲು ಫೋನ್ ತೆಗೆದಾಗಲೆಲ್ಲ ಕಣ್ಣು ತಾನಾಗಿಯೇ ಹಲಗೆಗೆ ಹೋಗುತ್ತಿತ್ತು. ಒಂದು ಜೊತೆ ಉಳಿದಿರುತ್ತಿತ್ತು. ಒಬ್ಬ ಇನ್ನೂ ಮೇಲಿದ್ದಾನೆ. ಮನಸ್ಸಿಗೆ ಗೊತ್ತು ಯಾರೂ ಇಲ್ಲವೆಂದು, ಬೆರಳಿಗೆ ಗೊತ್ತಾಗುತ್ತಿರಲಿಲ್ಲ. ಆಪರೇಟರು ಆ ಕಡೆಯಿಂದ "ಹಲೋ, ಹೇಳಿ ಸಾರ್, ರಿಟರ್ನ್ ಮಾಡ್ತೀರಾ?" ಎಂದು ಕೇಳುತ್ತಿದ್ದರೆ ನಾನು ಬಾಯಿ ತೆರೆದು ನಿಂತಿರುತ್ತಿದ್ದೆ. ಖಾಲಿ ಕಂಬಗಳನ್ನು ಮತ್ತೆ ಮತ್ತೆ ನೋಡುತ್ತಿದ್ದೆ. ಒಮ್ಮೆ ಗಾಳಿಗೆ ಹಾರಿ ಕಂಬದ ತುದಿಯ ಅಡ್ಡಪಟ್ಟಿಗೆ ಸಿಕ್ಕಿದ್ದ ಪ್ಲಾಸ್ಟಿಕ್ ಹಾಳೆಯನ್ನು ಕಂಡು ಕೂಗಿಯೇಬಿಟ್ಟೆ, ಇಳಿಯೋ ಮಾರಾಯ ಎಂದು. ತಂಡದವರು ತಲೆ ತಗ್ಗಿಸಿ ಅವರವರ ಕೆಲಸ ನೋಡಿಕೊಂಡರು. ಹೊತ್ತು ಮುಳುಗುವ ಮೊದಲು ಊಟಕ್ಕೆ ಕೂತರೂ ಅನ್ನ ಇಳಿಯುತ್ತಿರಲಿಲ್ಲ. ನಿಮ್ಮ ಊಟದ ಟೈಮಿಗೆ ಇಳೀತೀವಿ ಎಂದ ಮಾತು ಕಿವಿಯಲ್ಲಿ ಕೂತಿತ್ತು.

ಮಳೆಗಾಲ ಮುಗಿದ ಮೇಲೆ ಏಜೆನ್ಸಿಯವರು ಕರಾರು ಮುಂದುವರಿಸಲು ಬಂದರು. ಹೊಸ ಕರಾರಿನಲ್ಲಿ ಒಂದು ಸಾಲು ಹೆಚ್ಚಾಗಿ ಸೇರಿತ್ತು: ಏಜೆನ್ಸಿ ನೇಮಿಸಿದ ಯಾವ ಸೂಪರ್‌ವೈಸರ್ ಬೇಕಾದರೂ ಯಾವ ತಂಡದ ಪರವಾಗಿ ಬೇಕಾದರೂ ಲೈನ್ ಕ್ಲಿಯರ್ ತೆಗೆದುಕೊಳ್ಳಬಹುದು, ವಾಪಸ್ ಮಾಡಬಹುದು. ಕೆಲಸ ಬೇಗ ಆಗಲಿ ಎಂಬ ಉದ್ದೇಶ. ನಾನು ಅದನ್ನು ಓದಿ ಮಡಿಸಿ ಜೇಬಿಗೆ ಹಾಕಿಕೊಂಡು ನೇರ ಮೇಡಂ ಹತ್ತಿರ ಹೋದೆ.

"ಕಂಪನಿ ಮಾಡ್ತೀನಿ," ಎಂದೆ.

"ಟೆಂಡರ್ ಸಿಗದಿದ್ರೆ ಕೈ ಸುಡ್ತದೆ, ನೆನಪಿರ್ಲಿ. ಆದ್ರೆ ಒಂದು ಅನುಕೂಲ ಇದೆ. ಲಿಮಿಟೆಡ್ ಅಂದ್ರೆ ನಿಮ್ಮ ಹೊಣೆಗೆ ಒಂದು ಮಿತಿ. ಕಂಪನಿ ಮುಳುಗಿದ್ರೂ ನಿಮ್ಮ ಮನೆ ಮುಳುಗಲ್ಲ."

"ಕಂಬದ ಮೇಲಿದ್ದವನು ಸತ್ರೆ?"

ಮೇಡಂ ಪೆನ್ ಕೆಳಗಿಟ್ಟರು. ಹೊರಗೆ ರಸ್ತೆಯಲ್ಲಿ ಖಾಸಗಿ ಬಸ್ಸಿನ ಕಂಡಕ್ಟರ್ ಊರುಗಳ ಹೆಸರು ಕೂಗುತ್ತಿದ್ದ. "ದುಡ್ಡಿನ ವಿಷ್ಯಕ್ಕೆ ಹೇಳಿದ್ದು ನಾನು," ಎಂದರು. "ಅದಕ್ಕೆ ಮಿತಿ ಇಲ್ಲ ಸಾರ್. ಅದು ನಿಮ್ದೇ."

ಆ ಮಾತು ಕೇಳಿ ಹೆದರಬೇಕಿತ್ತು. ನನಗೆ ವಿಚಿತ್ರವಾದ ಸಮಾಧಾನವಾಯಿತು. ಅಷ್ಟು ತಿಂಗಳಲ್ಲಿ ಅದು ಯಾರದ್ದು ಎಂದು ನೇರವಾಗಿ ಹೇಳಿದವರು ಅವರೊಬ್ಬರೇ.

ಎರಡನೆಯ ಡೈರೆಕ್ಟರ್ ಮಾತ್ರ ಇನ್ನೂ ಸಿಕ್ಕಿರಲಿಲ್ಲ. ಹಿರಿಯನನ್ನು ಮತ್ತೆ ಕೇಳಿದೆ. ಅವನು ಮೊದಲಿನ ಹಾಗೆ ಕೈ ಮುಗಿಯಲಿಲ್ಲ, ಹಲಗೆಯ ಮೇಲಿನ ಚಪ್ಪಲಿಯ ಕಡೆ ಕಣ್ಣು ಹಾಯಿಸಿ, "ಅವನ ಹೆಂಡ್ತೀನ ಕೇಳಿ ನೋಡಿ ಸಾರ್. ಪಿ.ಯು.ಸಿ. ಓದಿದಾರೆ. ನಮ್ಮೆಲ್ರಿಗಿಂತ ಜಾಸ್ತಿ ಅವ್ರಿಗೆ ಬೇಕಾಗಿದೆ ಇದು," ಎಂದ.

ಕೋಣಂದೂರಿಗೆ ಹೋಗುವಾಗ ಚಪ್ಪಲಿಯನ್ನು ಕಾಗದದಲ್ಲಿ ಸುತ್ತಿ ಮುಂದಿನ ಸೀಟಿನ ಮೇಲಿಟ್ಟುಕೊಂಡೆ. ಅವಳು ಪೇಟೆಯ ಅಂಚಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದಳು. ಮಷಿನ್ ನಿಲ್ಲಿಸಿ ಎಲ್ಲವನ್ನೂ ಕೇಳಿಸಿಕೊಂಡಳು. ಆಡಿಟ್, ಜಿ.ಎಸ್.ಟಿ. ಎಂದು ನಾನು ಹೇಳುತ್ತಿದ್ದುದಕ್ಕೆ ತಲೆ ಆಡಿಸುತ್ತಿದ್ದಳು, ಕೊನೆಗೆ ಒಂದೇ ಪ್ರಶ್ನೆ ಕೇಳಿದಳು.

"ಕಂಪನಿ ಆದ್ರೆ ಲೈನ್ ಕ್ಲಿಯರ್ ಯಾರ ಹೆಸ್ರಲ್ಲಿರ್ತದೆ?"

"ನನ್ನ ಹೆಸರಲ್ಲಿ."

"ನಿಮ್ಗೆ ಜ್ವರ ಬಂದ್ರೆ? ಬೇರೆ ಕಡೆ ಹೋಗ್ಬೇಕಾಗಿ ಬಂದ್ರೆ?"

"ಅವತ್ತು ಕೆಲಸ ಇಲ್ಲ."

"ಅದನ್ನ ಬರ್ದು ಹಾಕಿ," ಎಂದಳು. "ಆಮೇಲೆ ನಾನು ಸೈ ಹಾಕ್ತೀನಿ."

ಕಂಪನಿಗೆ ಅವನ ಹೆಸರನ್ನೇ ಇಡೋಣವೆಂದು ತಂಡದವರ ಆಸೆ ಎಂದೆ. ಬೇಡ ಎಂದಳು. "ಬೋರ್ಡಿನ ಮೇಲೆ ಹಾಕಿದ್ರೆ ದಿನಾ ಯಾರ್ಯಾರೋ ಓದ್ತಾರೆ. ಮನೇಲಿ ಕರೆಯೋ ಹೆಸ್ರು ಅದು." ಹೊಳೆಯ ಹೆಸರೊಂದನ್ನು ಇಟ್ಟೆವು, ಅದು ಬೇರೆ ಮಾತು. ಏಳುವಾಗ ಕಾಗದದ ಪೊಟ್ಟಣ ಮುಂದೆ ಹಿಡಿದೆ. ಅವಳು ಅದು ಏನೆಂದು ಬಿಚ್ಚದೆಯೇ ತಿಳಿದುಕೊಂಡಳು. ಒಂದು ಹೆಜ್ಜೆ ಹಿಂದೆ ಸರಿದಳು.

"ಈಗ ಬೇಡ ಸಾರ್. ಬಾಗಿಲಲ್ಲಿ ಅವ್ರ ಚಪ್ಪಲಿ ಕಂಡ್ರೆ ಬಂದಿದಾರೆ ಅಂತ್ಲೇ ಅನ್ಸೋದು. ನಿಮ್ಮ ಗಾಡೀಲೇ ಇರ್ಲಿ. ಒಂದು ಜೊತೆ ಉಳಿದಿದ್ರೆ ನೀವು ಇನ್ನೊಂದ್ಸಲ ಮೇಲೆ ನೋಡ್ತೀರಲ್ಲ."

ಇದನ್ನು ಕೇಳಿ ನನ್ನ ಕಣ್ಣು ತುಂಬಿ ಬಂತು. ಚಪ್ಪಲಿಯನ್ನು ಮತ್ತೆ ಹಲಗೆಯ ಮೇಲಿಟ್ಟೆ. ಆಗ ಅದು ಬಹಳ ದೊಡ್ಡ ಮಾತಿನ ಹಾಗೆ ಕಂಡಿತ್ತು.

ಕಂಪನಿ ನೋಂದಣಿಯಾಯಿತು, ಲೈಸೆನ್ಸ್ ಬಂತು, ಎರಡು ಟೆಂಡರ್ ಕೈತಪ್ಪಿ ಮೂರನೆಯದು ಸಿಕ್ಕಿತು. ಕಾರ್ಗಲ್ ಕಡೆಯ ಒಂದು ಹಳೆಯ ಲೈನಿನ ಇನ್ಸುಲೇಟರ್ ಬದಲಿಸುವುದು. ನಾನು ಹಳೆಯ ಪದ್ಧತಿಯನ್ನು ವಾಪಸ್ ತಂದೆ, ಶೂ ಬಿಡದೆ. ಶೂಗಳು ಪಿಕಪ್ಪಿನಲ್ಲೇ ಇರಬೇಕು. ಎಲ್ಲರೂ ಮನೆಯಿಂದ ಚಪ್ಪಲಿಯಲ್ಲಿ ಬರಬೇಕು, ಹಲಗೆಯ ಮೇಲೆ ಚಪ್ಪಲಿ ಬಿಟ್ಟು ಶೂ ಹಾಕಿಕೊಳ್ಳಬೇಕು, ಇಳಿದ ಮೇಲೆ ಶೂ ಬಿಚ್ಚಿ ಚಪ್ಪಲಿ ಮೆಟ್ಟಬೇಕು. ಕೆಲಸಕ್ಕೆ ಜನ ಸಾಲದೆ ಹೊಸಬನೊಬ್ಬನನ್ನು ಸೇರಿಸಿಕೊಂಡಿದ್ದೆ. ನಲವತ್ತು ದಾಟಿದವನು, ಬೇರೆ ಜಿಲ್ಲೆಯಲ್ಲಿ ಲೈನ್ ಕೆಲಸ ಮಾಡಿ ಬಂದವನು, ಮಾತು ಕಡಿಮೆ. ಅವನಿಗೆ ಪದ್ಧತಿಯನ್ನೆಲ್ಲ ವಿವರಿಸಿ ಹೇಳಿದೆ. ಹಲಗೆಯ ಮೂಲೆಯಲ್ಲಿರುವ ಹಳೆಯ ಜೊತೆ ಯಾರದ್ದು ಎಂದು ಮಾತ್ರ ಹೇಳಲಿಲ್ಲ. ನಾನೂ ಹೇಳಲಿಲ್ಲ, ತಂಡದವರೂ ಹೇಳಲಿಲ್ಲ. ಅದರ ಮಾತೆತ್ತುವುದೇ ನಮ್ಮಿಂದ ಆಗುತ್ತಿರಲಿಲ್ಲ.

ಮೊದಲ ದಿನ ಬಿಸಿಲು ಚೆನ್ನಾಗಿತ್ತು. ಲೈನ್ ಕ್ಲಿಯರ್ ಸಿಕ್ಕಿತು, ನಂಬರನ್ನು ಅಂಗೈ ಮೇಲೆ ಬರೆದುಕೊಂಡೆ. ಎರಡೂ ಕಡೆ ಅರ್ಥ್ ರಾಡ್ ಹಾಕಿದೆವು. ಗಾಡಿ ನಿಂತಲ್ಲಿಂದ ಮೂರು ಕಂಬ ಕಾಣುತ್ತಿದ್ದವು, ನಾಲ್ಕನೆಯದು ಅಕೇಶಿಯಾ ಪ್ಲಾಂಟೇಶನ್ನಿನ ಆಚೆ, ಏರಿನ ಮರೆಯಲ್ಲಿ. ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯಿತು. ಒಬ್ಬೊಬ್ಬರಾಗಿ ಬಂದರು, ಶೂ ಬಿಚ್ಚಿದರು, ಚಪ್ಪಲಿ ಮೆಟ್ಟಿ ನೀರು ಕುಡಿಯಲು ಹೋದರು. ಹಲಗೆಯ ಮೇಲೆ ಒಂದು ಜೊತೆ ಉಳಿಯಿತು.

ಎಂದಿನ ಹಾಗೆ ಬೆರಳು ಫೋನಿನ ಮೇಲೆ ನಿಂತಿತು. ಎಂದಿನ ಹಾಗೆಯೇ ನನಗೆ ನಾನು ಹೇಳಿಕೊಂಡೆ, ಅದು ಅವನದು. ರಾಡುಗಳನ್ನು ತೆಗೆಯಲು ಕೈ ಸನ್ನೆ ಮಾಡಿ ಸಬ್‌ಸ್ಟೇಷನ್ನಿಗೆ ಫೋನ್ ಮಾಡಿದೆ.

"ಹೇಳಿ ಸಾರ್," ಎಂದರು ಆಪರೇಟರು. "ರಿಟರ್ನಾ?"

ನಂಬರ್ ಹೇಳಲು ಬಾಯಿ ತೆರೆದೆ. ಆಗ ಅವಳ ಮಾತು ನೆನಪಾಯಿತು, ಇನ್ನೊಂದ್ಸಲ ಮೇಲೆ ನೋಡ್ತೀರಲ್ಲ. ಮೇಲೆ ನೋಡಿದೆ, ಮೂರು ಕಂಬಗಳೂ ಖಾಲಿ. ನಾಲ್ಕನೆಯದು ಕಾಣುತ್ತಿರಲಿಲ್ಲ. ಕಣ್ಣು ಇಳಿಸುವಾಗ ಹಲಗೆಯ ಮೇಲಿನ ಜೊತೆ ಕಂಡಿತು. ಎಡಗಾಲಿನ ಬಾರು ಗಟ್ಟಿಯಾಗಿತ್ತು. ಬೈಂಡಿಂಗ್ ವೈರ್ ಇರಲಿಲ್ಲ.

ಅದು ಅವನದಲ್ಲ.

"ಇಲ್ಲ," ಎಂದೆ ಫೋನಿನಲ್ಲಿ. ದನಿ ನನ್ನದೇ ಎಂದು ಗುರುತು ಸಿಗದಷ್ಟು ಬದಲಾಗಿತ್ತು. "ರಿಟರ್ನ್ ಇಲ್ಲ. ಲೈನ್ ಕ್ಲಿಯರ್ ನನ್ನ ಹತ್ರಾನೇ ಇದೆ. ನಾನು ಹೇಳೋವರೆಗೂ ಮುಟ್ಬೇಡಿ."

"ಸರಿ ಸಾರ್, ಮುಟ್ಟಲ್ಲ," ಎಂದರು ಅವರು. ರಾಡ್ ತೆಗೆಯಲು ಹೊರಟಿದ್ದವನನ್ನು ಕೂಗಿ ನಿಲ್ಲಿಸಿದೆ. ಏರಿನ ಕಡೆ ಓಡಿದೆ. ಈ ವಯಸ್ಸಿನಲ್ಲಿ ಅಷ್ಟು ಓಡಬಲ್ಲೆನೆಂದು ನನಗೇ ಗೊತ್ತಿರಲಿಲ್ಲ. ಅಕೇಶಿಯಾ ಸಾಲು ದಾಟಿದರೆ ನಾಲ್ಕನೆಯ ಕಂಬದ ತುದಿಯಲ್ಲಿ ಹಿರಿಯ ಬೆಲ್ಟು ಬಿಗಿದುಕೊಂಡು ಒಂದು ಕೈ ತಂತಿಯ ಮೇಲಿಟ್ಟು ಆರಾಮವಾಗಿ ಕೂತಿದ್ದಾನೆ. ರಾಟೆಯ ಹಗ್ಗ ಮರೆತು ಬಂದಿದ್ದನಂತೆ. ಅರ್ಧ ದಾರಿಯಿಂದಲೇ ಹೊಸಬನಿಗೆ ಹೇಳಿ ವಾಪಸ್ ಹೋಗಿ ಹತ್ತಿದ್ದ.

"ಎಂಥ ಸಾರ್, ಊಟದ ಟೈಮಾಯ್ತಾ?" ಎಂದ ಮೇಲಿನಿಂದ.

ನಾನು ಕಂಬದ ಬುಡದಲ್ಲಿ ಕೂತುಬಿಟ್ಟೆ. ಅವನು ಇಳಿದು ಪಕ್ಕದಲ್ಲಿ ಕೂತ ಮೇಲೂ ಅವನ ತೋಳು ಹಿಡಿದುಕೊಂಡೇ ಇದ್ದೆ.

ಗಾಡಿಯ ಹತ್ತಿರ ಹೊಸಬ ನೀರಿನ ಕ್ಯಾನ್ ಹಿಡಿದು ನಿಂತಿದ್ದ, ಕಾಲಲ್ಲಿ ಬೈಂಡಿಂಗ್ ವೈರಿನ ಚಪ್ಪಲಿ. ಅವನದು ಬೆಳಿಗ್ಗೆ ಹಗ್ಗದ ರಾಶಿಯ ಕೆಳಗೆ ಸೇರಿಹೋಗಿತ್ತು. ಹುಡುಕುವುದೇಕೆಂದು ಮೂಲೆಯಲ್ಲಿದ್ದ ಹಳೆಯದನ್ನು ಮೆಟ್ಟಿದ್ದ. "ಯಾರೂ ಹಾಕ್ಕೊಳ್ಳೋದಿಲ್ಲ ಅನ್ಕೊಂಡೆ ಸಾರ್. ಅವ್ರ ಚಪ್ಪಲಿ ಹಲಗೆ ಮೇಲೆ ಇತ್ತಲ್ಲ, ಅದಕ್ಕೇ ಅವ್ರು ವಾಪಸ್ ಹೋಗಿದ್ದು ಹೇಳ್ಲಿಲ್ಲ," ಎಂದ. ತಂಡದವರ ಮುಖ ನೋಡಿ ಏನೋ ದೊಡ್ಡ ತಪ್ಪಾಗಿದೆ ಎಂದು ಅವನಿಗೆ ತಿಳಿಯಿತು, ಏನೆಂದು ತಿಳಿಯಲಿಲ್ಲ. ಆಗ ಹಿರಿಯನೇ ಅವನನ್ನು ಕೂರಿಸಿಕೊಂಡು ಮೊದಲಿನಿಂದ ಎಲ್ಲವನ್ನೂ ಹೇಳಿದ. ಕೋಣಂದೂರಿನವನು ಸತ್ತ ಮೇಲೆ ನಮ್ಮಲ್ಲಿ ಒಬ್ಬರು ಆ ಕಥೆಯನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೊಸಬ ಚಪ್ಪಲಿ ಬಿಚ್ಚಿ, ಎರಡೂ ಕೈಯಲ್ಲಿ ಎತ್ತಿ ಹಲಗೆಯ ಮೇಲಿಟ್ಟ.

ನಾನು ಅದನ್ನು ಅಲ್ಲಿಂದ ತೆಗೆದೆ. ಹಿರಿಯ ತನ್ನ ಜೊತೆಯನ್ನು ಮೆಟ್ಟಿದ, ಹೊಸಬ ಹಗ್ಗ ಸರಿಸಿ ತನ್ನದನ್ನು ಹುಡುಕಿಕೊಂಡ. ಬಹಳ ದಿನಗಳ ಮೇಲೆ ಹಲಗೆ ಪೂರ್ತಿ ಖಾಲಿಯಾಗಿತ್ತು. ರಾಡುಗಳನ್ನು ತೆಗೆಸಿ, ಅಂಗೈ ನೋಡಿ ನಂಬರ್ ಹೇಳಿದೆ. ಈ ಸಲ ಬೆರಳಿಗೂ ಗೊತ್ತಿತ್ತು.

ಮರುದಿನ ಮಧ್ಯಾಹ್ನದ ಮೇಲೆ ಕೋಣಂದೂರಿಗೆ ಹೋದೆ. ನಡೆದದ್ದನ್ನೆಲ್ಲ ಅವಳಿಗೆ ಹೇಳಿದೆ, ಒಂದನ್ನೂ ಬಿಡಲಿಲ್ಲ. ಅವಳು ಕಂಪನಿಯ ಡೈರೆಕ್ಟರ್, ಹೇಳಲೇಬೇಕು. "ನಿನ್ನ ಮಾತಿನಿಂದಲೇ ನಾನು ಇನ್ನೊಂದು ಸಲ ನೋಡಿದೆ, ಅದು ನಿಜ," ಎಂದೆ. "ಆದರೆ ಸತ್ತವನದು ಇದ್ದವರ ಲೆಕ್ಕದಲ್ಲಿ ಸೇರಬಾರದಮ್ಮ. ಆ ಜೊತೆ ಅಲ್ಲಿದೆ ಅಂತಲೇ ಇನ್ನೊಬ್ಬನನ್ನು ಮರೆಯುತ್ತಿದ್ದೆ." ಇದನ್ನು ಹೇಳುವಾಗ ಅವಳ ಮುಖ ನೋಡಲು ನನಗೆ ಹೆದರಿಕೆಯಾಗಿತ್ತು. ತೊಳೆದು ಒಣಗಿಸಿ ತಂದಿದ್ದ ಚಪ್ಪಲಿಯನ್ನು ಕೈಯಲ್ಲೇ ಹಿಡಿದುಕೊಂಡು ನಿಂತಿದ್ದೆ.

ಅವಳು ಈ ಸಲ ಹಿಂದೆ ಸರಿಯಲಿಲ್ಲ. ತೆಗೆದುಕೊಂಡಳು. ತಂತಿ ಬಿಗಿದ ಬಾರಿನ ಮೇಲೆ ಹೆಬ್ಬೆರಳು ಆಡಿಸಿದಳು.

"ಎಲ್ಲಾ ಇಳಿದ್ರಾ ಸಾರ್?" ಎಂದು ಕೇಳಿದಳು.

"ಇಳಿದ್ರಮ್ಮ," ಎಂದೆ. "ಇವನೂ ಇಳಿದ."

ಅವಳು ಅಲ್ಲೇ ಹೊಸ್ತಿಲಲ್ಲಿ ಕೂತು ಅತ್ತಳು. ನಾನು ಅಂಗಳದಲ್ಲಿ ನಿಂತಿದ್ದೆ, ತಡೆಯಲಿಲ್ಲ. ಸುಮಾರು ಹೊತ್ತಿನ ಮೇಲೆ ಎದ್ದು ಕಣ್ಣೊರೆಸಿಕೊಂಡು, ಚಪ್ಪಲಿಯನ್ನು ಮೆಟ್ಟಿಲ ಪಕ್ಕ ಗೋಡೆಗೆ ತಾಗಿಸಿ ಇಟ್ಟಳು. ಆಮೇಲೆ ಪಡುವಣದ ಕಡೆ ನೋಡಿ, ಅವನು ಮನೆಯಲ್ಲಿ ನನ್ನ ಊಟದ ಹೊತ್ತಿನ ಬಗ್ಗೆ ಎಷ್ಟು ಸಲ ಹೇಳಿದ್ದನೋ, ಅದನ್ನೇ ನೆನೆದು ಹೇಳಿದಳು: "ಹೊತ್ತು ಮುಳುಗೋಕ್ಕಿಂತ ಮುಂಚೆ ಉಣ್ಬೇಕಲ್ಲ ನೀವು. ಅನ್ನ ಆಗಿದೆ, ಬನ್ನಿ."

ನನ್ನ ಚಪ್ಪಲಿಯನ್ನು ಅವನದರ ಪಕ್ಕದಲ್ಲಿ ಬಿಟ್ಟು ಒಳಗೆ ಹೋದೆ.